ಉಚ್ಚಂಗಿದುರ್ಗದ ಮೆಟ್ಟಿಲ ದಾರಿಯ ಹೂಗಳೂ ನಮ್ಮ ತೋಟದ ಕಾಯಿಯೂ

ಹೂಮಳೆಯ ವಿಷಯವಾಗಿ ಏನಾದರೂ ಬರೆಯಿರೆಂದು ಸಂಘದ ಕಚೇರಿಗೆ ಬರುವ ಸದಸ್ಯರು ಒಂದು ತಿಂಗಳಿನಿಂದ ಹೇಳುತ್ತಲೇ ಇದ್ದಾರೆ. ಮಳೆಯ ಬಗ್ಗೆ ಬರೆಯುವುದು ಸುಲಭ, ತರಿಸುವುದು ಕಷ್ಟ. ಆದ್ದರಿಂದ ಈ ಸಲ ಮಳೆಯನ್ನು ಕಾಯದೆ ಅರಳುವ ಹೂಗಳ ವಿಚಾರ ಬರೆಯಲು ತೊಡಗಿದ್ದೇವೆ. ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಮುತ್ತುಗದ ಹೂವಿಗೇನು ಕೆಲಸವೆಂದು ಕೆಲವರು ಆಕ್ಷೇಪಿಸಬಹುದು. ಕೊನೆಯವರೆಗೆ ಓದಿ ಆಮೇಲೆ ಆಕ್ಷೇಪಿಸಬೇಕೆಂದು ವಿನಂತಿ.

ನಮ್ಮ ಬೀಗರು ಹರಪನಹಳ್ಳಿ ತಾಲ್ಲೂಕಿನವರು. ಮೆಕ್ಕೆಜೋಳದ ಹೊಲ, ಈಚೆಗೆ ಕೊಳವೆಬಾವಿ ಕೊರೆಸಿ ಒಂದೂವರೆ ಎಕರೆ ಅಡಿಕೆಯನ್ನೂ ಇಟ್ಟಿದ್ದಾರೆ. ಆ ಸಸಿಗಳನ್ನು ಒಂದು ಸಲ ನೋಡಿ ಹೋಗಬೇಕೆಂದು ಎರಡು ವರ್ಷಗಳಿಂದ ಒತ್ತಾಯಿಸುತ್ತಿದ್ದರು. ಭರತ ಹುಣ್ಣಿಮೆಯ ಜಾತ್ರೆ ಮುಗಿದು, ಶಿವರಾತ್ರಿ ಇನ್ನೂ ಬರಬೇಕಾಗಿದ್ದ ದಿನಗಳಲ್ಲಿ ಸಂಘದ ಇಬ್ಬರು ಸದಸ್ಯರನ್ನು ಜೊತೆಗೆ ಕರೆದುಕೊಂಡು ಹೊರಟೆವು. ಸಸಿ ನೋಡಿದ್ದಾಯಿತು, ನೀರಿನ ಬಗ್ಗೆ ನಮಗೆ ತಿಳಿದದ್ದನ್ನು ಹೇಳಿದ್ದಾಯಿತು. ಮರುದಿನ ಬೆಳಿಗ್ಗೆ, ಬಿಸಿಲೇರುವ ಮೊದಲು, ಉಚ್ಚಂಗಿದುರ್ಗದ ಗುಡ್ಡ ಹತ್ತಿದೆವು.

ಉಚ್ಚಂಗಿಯ ಹೆಸರನ್ನು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಓದಿದ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ನೊಳಂಬವಾಡಿಯನ್ನಾಳಿದ ಪಾಂಡ್ಯರಿಗೆ ಇದು ರಾಜಧಾನಿ. ಹೊಯ್ಸಳರ ವೀರಬಲ್ಲಾಳ 1177ರ ಸುಮಾರಿಗೆ ಈ ಕೋಟೆಯನ್ನು ಗೆದ್ದು ಗಿರಿದುರ್ಗಮಲ್ಲನೆಂಬ ಬಿರುದು ಧರಿಸಿದ. ನಮ್ಮ ಕಾಲದಲ್ಲಿ ಈ ತಾಲ್ಲೂಕನ್ನು ಯಾರೂ ಗೆಲ್ಲಲಿಲ್ಲವಾದರೂ ಜಿಲ್ಲೆ ಮಾತ್ರ ಬದಲಾಗುತ್ತ ಬಂದಿದೆ. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿಯ ಭಾಗವಾಗಿ 1953ರಲ್ಲಿ ಮೈಸೂರಿಗೆ ಸೇರಿತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ತಿರುಗಿ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆ. ಗುಡ್ಡ ಇದ್ದಲ್ಲೇ ಇದೆ. ಮೇಲೆ ಉಚ್ಚಂಗೆಮ್ಮನ ಗುಡಿ. ಜಾತ್ರೆಯ ದಿನ ಕಾಲಿಡಲು ಸ್ಥಳವಿರದ ದಾರಿ ನಾವು ಹೋದ ದಿನ ಖಾಲಿಯಾಗಿತ್ತು.

ಮಲೆನಾಡಿನವರಾದ ನಮಗೆ ಇಂಥ ಗುಡ್ಡ ಮೊದಲ ನೋಟಕ್ಕೆ ಬೋಳಾಗಿಯೇ ಕಾಣುತ್ತದೆ. ಬಂಡೆ, ಒಣಗಿದ ಹುಲ್ಲು, ಮುಳ್ಳುಕಂಟಿ. ಕೊಪ್ಪ, ಶೃಂಗೇರಿಗಳಲ್ಲಿ ಆಷಾಢ ಮಾಸವೊಂದರಲ್ಲೇ ಬೀಳುವಷ್ಟು ಮಳೆ ಇಲ್ಲಿಯವರಿಗೆ ವರ್ಷವೆಲ್ಲ ಸೇರಿದರೂ ಬೀಳುವುದು ಕಷ್ಟ. ಜೊತೆಗಿದ್ದ ಸದಸ್ಯರೊಬ್ಬರು "ಕಾರ್ಯದರ್ಶಿಗಳೇ, ಇಲ್ಲಿ ನೋಡೋದಕ್ಕೆ ಏನಿದೆ?" ಎಂದರು. ಅವರ ಮಾತು ಮುಗಿಯುವುದರೊಳಗೆ ಗುಡ್ಡದ ಬುಡದ ಹೊಲಗಳ ಬದುವಿನಲ್ಲಿ ಮುತ್ತುಗದ ಸಾಲು ಕಣ್ಣಿಗೆ ಬಿತ್ತು. ಒಂದೇ ಒಂದು ಎಲೆ ಇಲ್ಲ. ಬುಡದಿಂದ ತುದಿಯವರೆಗೆ ಕೆಂಡದ ಬಣ್ಣದ ಹೂವು. ಆ ಸದಸ್ಯರು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಮುತ್ತುಗದಿಂದಲೇ ಪಾಠ ಆರಂಭಿಸೋಣ. ಆ ಸೀಮೆಯಲ್ಲಿ ಇದನ್ನು ಮುತ್ತಲ ಎನ್ನುತ್ತಾರೆ. ಸಂಸ್ಕೃತದಲ್ಲಿ ಪಲಾಶ, ಕಿಂಶುಕ. ಕಿಂಶುಕವೆಂದರೆ 'ಇದೇನು ಗಿಳಿಯೆ?' ಎಂದು ಅರ್ಥ. ಹೂವಿನ ದೋಣಿಯಂಥ ಎಸಳು ಗಿಳಿಯ ಕೊಕ್ಕಿನಂತೆ ಬಾಗಿರುವುದರಿಂದ ಆ ಹೆಸರು. 1757ರಲ್ಲಿ ಕ್ಲೈವ್ ಗೆದ್ದ ಪ್ಲಾಸಿ ಕದನದ ಊರಿಗೆ ಹೆಸರು ಬಂದದ್ದೂ ಈ ಪಲಾಶದಿಂದಲೇ ಎನ್ನುತ್ತಾರೆ. ಎಲೆ ನಮಗೆಲ್ಲ ಊಟದೆಲೆಯಾಗಿ ಪರಿಚಿತ. ಕಪ್ಪು ನೆಲದಲ್ಲಿ, ಮಳೆಗಾಲದಲ್ಲಿ ನೀರು ನಿಂತು ಬೇಸಿಗೆಯಲ್ಲಿ ಬಾಯಿ ಬಿಡುವಂಥ ಜಾಗದಲ್ಲಿ ಬೇರೆ ಮರ ಸೋತರೂ ಇದು ಸೋಲುವುದಿಲ್ಲ. ಒಂದು ಹೂವನ್ನು ಕಿತ್ತು ಬುಡದ ಕಡೆ ಹಿಂಡಿ ನೋಡಿದರೆ ಸಿಹಿನೀರು ಒಸರುತ್ತದೆ. ಅಷ್ಟೊಂದು ರಸ ಇಟ್ಟಿರುವುದು ಮುಖ್ಯವಾಗಿ ಹಕ್ಕಿಗಳಿಗಾಗಿ. ನಾವು ಹತ್ತು ನಿಮಿಷ ನಿಂತದ್ದರಲ್ಲಿಯೇ ಗೊರವಂಕ, ಪಿಕಳಾರ, ಸೂರಕ್ಕಿ ಮೂರೂ ಬಂದುಹೋದವು. ಒಂದು ಅಳಿಲಂತೂ ನಮ್ಮನ್ನು ಲಕ್ಷಿಸದೆ ಹೂವಿನೊಳಗೆ ಮೂತಿ ಇಟ್ಟಿತ್ತು. ಉಳಿದ ರಸಕ್ಕೆ ಜೇನುಹುಳುಗಳೂ ಬರುತ್ತವೆ.

ಈಗ ಒಂದು ಪ್ರಶ್ನೆ. ನಾಲ್ಕು ತಿಂಗಳಿನಿಂದ ಹನಿ ಮಳೆ ಕಾಣದ ನೆಲದಲ್ಲಿ, ಸ್ಪ್ರಿಂಕ್ಲರ್ ಇಲ್ಲ, ಕೊಳವೆಬಾವಿ ಇಲ್ಲ, ಈ ಮರ ಹೂವು ಬಿಡುವುದು ಹೇಗೆ? ನಮ್ಮ ಕಾಫಿ ಗಿಡ ಇದೇ ಸಮಯದಲ್ಲಿ ಮೊಗ್ಗು ಹಿಡಿದುಕೊಂಡು ಆಕಾಶ ನೋಡುತ್ತ ನಿಂತಿರುತ್ತದಲ್ಲ?

ಉತ್ತರ ಎಲೆಯಲ್ಲಿದೆ. ಮರ ನೀರನ್ನು ಕಳೆದುಕೊಳ್ಳುವುದು ಬಹುಮಟ್ಟಿಗೆ ಎಲೆಯ ಮೂಲಕ. ಮುತ್ತುಗ ಎಲೆಗಳನ್ನು ಉದುರಿಸಿ ಖರ್ಚನ್ನು ನಿಲ್ಲಿಸಿಬಿಡುತ್ತದೆ. ಆಳಕ್ಕಿಳಿದ ಬೇರು ತರುವ ಸ್ವಲ್ಪ ನೀರು ಕಾಂಡದಲ್ಲಿ, ರೆಂಬೆಗಳಲ್ಲಿ ತುಂಬಿಕೊಳ್ಳುತ್ತದೆ. ಆ ಕೂಡಿಟ್ಟ ನೀರಿನಿಂದಲೇ ಮೊಗ್ಗು ಬಿರಿಯುತ್ತದೆ. ಎಲೆ ಇಲ್ಲದಿರುವುದರಿಂದ ಹೂವು ದೂರಕ್ಕೆ ಕಾಣುತ್ತದೆ, ಹಕ್ಕಿಗೂ ಹುಳುವಿಗೂ ಅಡ್ಡಿಯಿಲ್ಲ. ಫಾಲ್ಗುಣದಲ್ಲಿ ಹೂವಾದರೆ ಮಳೆಗಾಲಕ್ಕೆ ಮುಂಚೆ ಕಾಯಿ ಬಲಿಯುತ್ತದೆ. ಚಪ್ಪಟೆಯಾದ ಹಗುರ ಕಾಯಿ, ತುದಿಯಲ್ಲಿ ಒಂದೇ ಬೀಜ. ಬೇಸಿಗೆಯ ಕೊನೆಯ ಗಾಳಿ ಅದನ್ನು ಹೊತ್ತುಹಾಕುತ್ತದೆ, ಅದರ ಹಿಂದೆಯೇ ಬರುವ ಮಳೆ ಮೊಳೆಸುತ್ತದೆ. ಲೆಕ್ಕ ಬರೆಯುವ ನಮ್ಮಂಥವರು ತಲೆದೂಗಬೇಕಾದ ಆಯವ್ಯಯ ಇದು.

ಕಾಫಿಯ ಲೆಕ್ಕ ಬೇರೆ. ಅದು ನಿತ್ಯಹಸಿರು ಗಿಡ, ಎಲೆ ಬಿಡಲೊಲ್ಲದು. ಅದರ ಮೊಗ್ಗು ಒಂದು ಹಂತಕ್ಕೆ ಬಂದು ನಿದ್ರೆ ಹೋಗುತ್ತದೆ. ಆ ನಿದ್ರೆ ಕಳೆಯಲು ಮಳೆ ಬೇಕೆಂಬುದು ಎಲ್ಲರಿಗೂ ಗೊತ್ತು. ಮಳೆಗೆ ಮುಂಚೆ ಬಾಯಾರಿಕೆಯೂ ಬೇಕೆಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಅಲ್ವಿಮ್ ಎಂಬ ವಿಜ್ಞಾನಿ, 1960ರಲ್ಲಿ. ಎಡೆಬಿಡದೆ ನೀರು ಕೊಟ್ಟ ಗಿಡದ ಮೊಗ್ಗು ಹಾಗೆಯೇ ಕುಳಿತಿತ್ತು. ಒಣಗಲು ಬಿಟ್ಟು ಅನಂತರ ನೀರು ಕೊಟ್ಟದ್ದು ಅರಳಿತು. ಪುಷ್ಯ, ಮಾಘದ ಒಣ ಹವೆಯನ್ನು ನಾವು ಶಪಿಸುತ್ತೇವೆ. ಮೊಗ್ಗು ಒಟ್ಟಿಗೆ ಬಿರಿಯಬೇಕಾದರೆ ಆ ಒಣ ಹವೆಯೂ ಬೇಕು. ಪಂಪು ಕೈಯಲ್ಲಿದೆಯೆಂದು ಜನವರಿಯಿಂದಲೇ ಸ್ವಲ್ಪಸ್ವಲ್ಪ ನೀರು ಚಿಮುಕಿಸುವವರು ಇದನ್ನು ಗಮನಿಸಬೇಕು. ಮಣ್ಣು ಸರಿಯಾಗಿ ಒಣಗಿದ ಮೇಲೆ ಇಂಚು, ಒಂದೂವರೆ ಇಂಚು ನೀರನ್ನು ಒಂದೇ ಸಲ ಕೊಟ್ಟರೆ ವಾರದಿಂದ ಹತ್ತು ದಿನದೊಳಗೆ ತೋಟ ಬೆಳ್ಳಗಾಗುತ್ತದೆ.

ಮೆಟ್ಟಿಲ ದಾರಿಗೆ ಬರೋಣ. ಬುಡದಲ್ಲಿ ಎಕ್ಕ, ತಂಗಡಿ, ದತ್ತೂರಿ. ದತ್ತೂರಿಯ ಹಳದಿ ಹೂವು ಚೆಲುವಾಗಿದೆಯೆಂದು ಮೋಸಹೋಗಬಾರದು. ಅಮೆರಿಕ ಖಂಡದಿಂದ ಬಂದ ಕಳೆ ಅದು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅದರ ಬೀಜದ ಎಣ್ಣೆ ಬೆರೆತು ಜನ ಸತ್ತರು. ತಂಗಡಿಯನ್ನು ಹಳೇ ಮೈಸೂರಿನವರು ಆವರಿಕೆ ಎನ್ನುತ್ತಾರೆ, ಚರ್ಮ ಹದ ಮಾಡಲು ಅದರ ತೊಗಟೆ ಬೇಕಾಗಿತ್ತು. ಆದರೆ ನಾವು ಅಲ್ಲಿ ಮಂಡಿಯೂರಿ ಕುಳಿತದ್ದು ತೊಗಟೆಗಾಗಿ ಅಲ್ಲ. ತಂಗಡಿಯ ಹೂವಿನ ಪರಾಗಕೋಶ ನಮ್ಮ ಕಾಫಿಯದರಂತೆ ಉದ್ದಕ್ಕೆ ಸೀಳುವುದಿಲ್ಲ. ತುದಿಯಲ್ಲಿ ಸಣ್ಣ ತೂತು ಮಾತ್ರ. ಪುಡಿಯುಪ್ಪಿನ ಡಬ್ಬಿಯಂತೆ ಅದನ್ನು ಅಲುಗಿಸಬೇಕು. ಅಲುಗಿಸುವ ವಿದ್ಯೆ ಬಲ್ಲದ್ದು ಮರ ಕೊರೆಯುವ ಕರಿ ದುಂಬಿ. ಅದು ಹೂವನ್ನು ತಬ್ಬಿ ರೆಕ್ಕೆಯ ಸ್ನಾಯುಗಳನ್ನು ನಡುಗಿಸಿದಾಗ 'ಝುಂಯ್' ಎಂಬ ಸದ್ದು ಒಮ್ಮೆಗೇ ಏರುತ್ತದೆ, ಪರಾಗ ಚಿಮ್ಮುತ್ತದೆ. ನಿಮ್ಮ ಹಿತ್ತಲಿನ ಟೊಮೆಟೊ, ಬದನೆಗಳಿಗೂ ಇದೇ ವಿದ್ಯೆ ಅನುಕೂಲ. ಜೇನುಹುಳು ಈ ಕೆಲಸ ಅರಿಯದು. ಎಲ್ಲ ಹೂವಿಗೂ ಜೇನೊಂದೇ ಸಾಕೆಂದು ತಿಳಿದವರು ತಂಗಡಿಯ ಎದುರು ಐದು ನಿಮಿಷ ಕುಳಿತರೆ ಅಭಿಪ್ರಾಯ ಬದಲಾಗುತ್ತದೆ.

ಈ ಸೀಮೆಯ ಕಲ್ಲುಗುಡ್ಡಗಳಲ್ಲಿ ಇದೇ ಕಾಲದಲ್ಲಿ ಅರಳುವ ಅರಿಶಿನ ಬೂರುಗವೂ ಅದೇ ಜಾತಿಯ ನಡತೆಯದು. ಬಂಡೆಯ ಸಂದಿನಲ್ಲಿ ಸೊಟ್ಟಗೆ ಬೆಳೆದ, ಬರಲು ಕಡ್ಡಿಗಳ ಮರ. ಕಡ್ಡಿಯ ತುದಿಯಲ್ಲಿ ಅಂಗೈಯಗಲದ ಹೊಂಬಣ್ಣದ ಹೂವು. ಹೆಸರಿನಲ್ಲಿ ಬೂರುಗವಿದ್ದರೂ ಕೆಂಪು ಬೂರುಗಕ್ಕೂ ಇದಕ್ಕೂ ಹತ್ತಿರದ ಸಂಬಂಧವಿಲ್ಲ, ಬೀಜದ ಸುತ್ತ ಹತ್ತಿಯಿರುವುದರಿಂದ ಬಂದ ಹೆಸರು. ಅಂಕೋಲೆಯನ್ನು ಕಣ್ಣಿಗಿಂತ ಮೊದಲು ಮೂಗು ಗುರುತಿಸುತ್ತದೆ: ಎಲೆಯುದುರಿದ ಕೊಂಬೆಗೆ ಬಿಳಿ ಹೂವು ಅಂಟಿಕೊಂಡಂತೆ ಇರುತ್ತದೆ, ಎಸಳು ಹಿಂದಕ್ಕೆ ಸುರುಳಿಯಾಗಿ ಕೇಸರಗಳು ಕುಚ್ಚಿನಂತೆ ಹೊರಗೆ ಬಂದಿರುತ್ತವೆ. ನೆಲದ ಮೇಲೆ, ಕಾಲಿಟ್ಟರೆ ಮಾಯವಾಗುವಷ್ಟು ಸಣ್ಣದಾಗಿ, ವಿಷ್ಣುಕ್ರಾಂತಿಯ ನೀಲಿ ಚುಕ್ಕಿಗಳು ಅಲ್ಲಲ್ಲಿ ಉಳಿದಿದ್ದವು. ಕವಳೆಯ ಕಂಟಿಯಲ್ಲಿ ಆಗತಾನೆ ಮೊಗ್ಗು.

ಕಾರೆ ಮತ್ತು ಬಿಕ್ಕೆಯನ್ನು ಬೇರೆಯಾಗಿಯೇ ಹೇಳಬೇಕು. ನಾವು ಹೋದಾಗ ಅವುಗಳಲ್ಲಿ ಹೂವಿರಲಿಲ್ಲ. ಆದರೂ ಜೊತೆಗಿದ್ದವರನ್ನು ನಿಲ್ಲಿಸಿ ಬಿಕ್ಕೆಯ ಒಂದು ಕಡ್ಡಿಯನ್ನು ತೋರಿಸಿ, ಇದನ್ನು ನೋಡಿದರೆ ಯಾವ ಗಿಡ ನೆನಪಾಗುತ್ತದೆಂದು ಕೇಳಿದೆವು. ಎಲೆಗಳು ಎದುರುಬದುರು. ಎರಡು ಎಲೆಯ ತೊಟ್ಟಿನ ನಡುವೆ ಒಂದು ಸಣ್ಣ ಒರೆ. ಚಿಗುರಿನ ತುದಿಯಲ್ಲಿ ಅಂಟಿನ ತೊಟ್ಟು. ಮೂವತ್ತು ವರ್ಷ ಕಾಫಿ ಕಸಿ ಮಾಡಿಸಿದ ಸದಸ್ಯರಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೌದು, ಬಿಕ್ಕೆ, ಕಾರೆ, ನಮ್ಮ ಮಲೆನಾಡಿನ ಬೇಲಿಯ ಕೇಪಳ, ಎಲ್ಲವೂ ಕಾಫಿಯ ಕುಟುಂಬದವೇ. ಕಾಫಿ ಹೊರದೇಶದಿಂದ ಬಂದ ಸೊಸೆಯಾದರೆ ಇವು ಇಲ್ಲಿಯೇ ಇದ್ದ ದಾಯಾದಿಗಳು. ಬಿಕ್ಕೆಯೂ ಬೇಸಿಗೆಯಲ್ಲಿ ಬಿಳಿಯಾಗಿ, ಘಮಘಮಿಸುತ್ತ ಅರಳುತ್ತದೆ. ಗಿಡಗಳ ಬಂಧುತ್ವದ ವಿಷಯದಲ್ಲಿ ಇನ್ನೂ ಓದಬೇಕೆನ್ನುವವರು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಬೇಕು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಪುಸ್ತಕ. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಪ್ರಾಧ್ಯಾಪಕರ ಅನುಭವ. ನಗುತ್ತ ನಗುತ್ತ ಸಸ್ಯಶಾಸ್ತ್ರ ತಲೆಗೆ ಹತ್ತುತ್ತದೆ.

ಅರ್ಧ ದಾರಿಯಲ್ಲಿ ನೆರಳಿಗೆ ಕುಳಿತಾಗ, ಕೆಳಗಿನಿಂದ ಆಡು ಹೊಡೆದುಕೊಂಡು ಬಂದ ಒಬ್ಬ ಅಜ್ಜಿ ನಮ್ಮನ್ನು ನೋಡಿ ನಿಂತರು.

"ಗುಡಿ ಇನ್ನಾ ಮ್ಯಾಲೈತ್ರೀ ಯಪ್ಪಾ. ಇಲ್ಲೇನು ಹುಡುಕಾಕತ್ತೀರಿ?"

"ಹೂವು ನೋಡ್ತಾ ಇದ್ದೀವಿ ಅಜ್ಜಿ."

"ಮುತ್ತಲ ಹೂವಾ? ಅದಕ್ಕ ಊರು ಬಿಟ್ಟು ಬಂದೀರೇನು!" ಎಂದು ನಕ್ಕರು. ಆಮೇಲೆ ತಾವಾಗಿಯೇ ಮೇಲಿನ ಬಂಡೆಯ ಕಡೆ ಕೈ ತೋರಿಸಿ, "ಅಲ್ಲಿ ನೋಡ್ರಿ, ಆ ಕಲ್ಲಿನ ಹೊಟ್ಟಿಗೆ ಹೆಜ್ಜೇನು ಸಾಲಾಗಿ ಕಟ್ಟತಿದ್ವು. ನಾನು ಸಣ್ಣಾಕಿ ಇದ್ದಾಗ ಎಣಿಸಾಕ ಬರ್ತಿರಲಿಲ್ಲ. ಈಗ ಎರಡೋ ಮೂರೋ. ಗುಡ್ಡಕ್ಕ ಬೆಂಕಿ ಬಿದ್ರ ಅವೂ ಹೋಗ್ತಾವ" ಎಂದರು.

ಆಕೆ ತೋರಿಸಿದ ಮಗ್ಗುಲಿನಲ್ಲಿ ಒಂದು ಅಗಲವಾದ ಪಟ್ಟೆ ಕರಕಾಗಿತ್ತು. ಹುಲ್ಲು ಸುಟ್ಟು ಬೂದಿ, ಕಂಟಿಗಳ ಕರಿಕಡ್ಡಿ. ಬೆಂಕಿ ಹೇಗೆ ಬಿತ್ತೋ. ಬೀಡಿಯ ತುಂಡು ಸಾಕು. ಹೊಸ ಹುಲ್ಲು ಬೇಗ ಚಿಗುರಲೆಂದು ಬೆಂಕಿ ಇಡುವ ರೂಢಿಯೂ ನಾಡಿನಲ್ಲಿ ಎಲ್ಲ ಕಡೆ ಇದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿಕೊಂಡದ್ದು ನಿಮಗೆ ನೆನಪಿರಬಹುದು, ಅದೂ ಇದೇ ಕಾಲ. ಮುತ್ತುಗದ ದಪ್ಪ ತೊಗಟೆ ನೆಲದ ಬೆಂಕಿಯನ್ನು ತಡೆದುಕೊಳ್ಳುತ್ತದೆ. ಆ ಕರಕು ನೆಲದ ಅಂಚಿನಲ್ಲಿ ನಿಂತ ಒಂದು ಮರ ಅರ್ಧ ಮೈ ಮಸಿ ಬಳಿದುಕೊಂಡೇ ಹೂ ಬಿಟ್ಟಿತ್ತು. ಆದರೆ ಒಣಮರದ ಕೊರಡಿನಲ್ಲಿ ಗೂಡು ಮಾಡುವ ಕರಿ ದುಂಬಿಗೆ, ಪೊದೆಯ ಕಡ್ಡಿಯಲ್ಲಿ ತಟ್ಟಿ ಕಟ್ಟುವ ಕೋಲುಜೇನಿಗೆ ಅಂಥ ತೊಗಟೆ ಎಲ್ಲಿಂದ ಬರಬೇಕು?

ಇಲ್ಲಿಗೆ ನಮ್ಮ ತೋಟದ ವಿಚಾರ ಬಂತು. ಅಜ್ಜಿಯ ಮಾತು ಕೇಳಿ ನಾವು ಮೂವರೂ ಸುಮ್ಮನಾದದ್ದಕ್ಕೆ ಕಾರಣವಿದೆ. ನಮ್ಮ ಕಡೆಯ ತೋಟಗಳಲ್ಲಿ ಎತ್ತರದ ಮರಗಳಿಗೆ ಹೆಜ್ಜೇನು ಕಟ್ಟುವುದು ಕಡಿಮೆಯಾಗಿದೆ ಎಂಬ ಮಾತನ್ನು ನಾವೂ ಆಡುತ್ತಲೇ ಇದ್ದೇವೆ. ತುಡುವೆಯ ಕಥೆ ಎಲ್ಲರಿಗೂ ಗೊತ್ತು: 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಸಂಸಾರಗಳಲ್ಲಿ ಬಹುಪಾಲು ನಾಶವಾದವು. ನಮ್ಮ ತಂದೆಯವರ ಹತ್ತು ಪೆಟ್ಟಿಗೆ ಆ ವರ್ಷವೇ ಬರಿದಾಗಿ ಅಟ್ಟ ಸೇರಿದವು.

ಅರೇಬಿಕಾ ಬೆಳೆಯುವವರು ತಮಗೆ ಜೇನಿನ ಹಂಗಿಲ್ಲವೆನ್ನುತ್ತಾರೆ. ಅದು ತನ್ನದೇ ಪರಾಗದಿಂದ ಕಾಯಿ ಕಚ್ಚುವ ಗಿಡವೆಂಬುದು ನಿಜ. ಆದರೂ ಪನಾಮಾ ದೇಶದಲ್ಲಿ ರೂಬಿಕ್ ಎಂಬವರು ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಗಿ, ಜೇನುಹುಳು ಬಂದ ಕಡೆ ಅರೇಬಿಕಾದ ಫಸಲೂ ಹೆಚ್ಚುತ್ತದೆಂದು ತೋರಿಸಿತು. ಇಂಡೋನೇಷ್ಯದ ಸುಲಾವೇಸಿಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇನ್ನೂ ಸ್ವಾರಸ್ಯದ್ದು. ಮೂರು ಜಾತಿಯ ಜೇನುಹುಳುಗಳಷ್ಟೇ ಬರುವ ತೋಟದಲ್ಲಿ ನೂರು ಹೂವಿಗೆ ಸುಮಾರು 60 ಕಾಯಿ ಕಚ್ಚಿದರೆ, ಇಪ್ಪತ್ತರಷ್ಟು ಜಾತಿಗಳು ಬರುವಲ್ಲಿ ಸುಮಾರು 90. ಹುಳುಗಳ ಸಂಖ್ಯೆಗಿಂತ ಅವುಗಳ ಜಾತಿಯ ವೈವಿಧ್ಯವೇ ಅಲ್ಲಿ ಮುಖ್ಯವಾಗಿ ಕಂಡಿತು.

ರೊಬಸ್ಟಾದ ಮಾತಂತೂ ಬೇರೆಯೇ. ತನ್ನ ಪರಾಗ ತನಗೇ ಆಗದು. ಪಕ್ಕದ ಬೇರೆ ಗಿಡದ ಪರಾಗ ಬರಲೇಬೇಕು. ಗಾಳಿ ಸ್ವಲ್ಪ ತರುತ್ತದೆ, ಉಳಿದದ್ದು ಜೇನಿನ ಕೆಲಸ. ಕೊಡಗಿನ ತೋಟಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಜ್ಜೇನು, ತುಡುವೆ, ಮುಜಂಟಿ ಈ ಮೂರೇ ಮುಖ್ಯ ಕೆಲಸಗಾರರೆಂದೂ ಅದರಲ್ಲಿಯೂ ಹೆಜ್ಜೇನೇ ಮೇಸ್ತ್ರಿಯೆಂದೂ ಕಂಡುಬಂದಿದೆ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ. ಅದು ಹೂವನ್ನು ಹಿಂಬಾಲಿಸಿ ಊರೂರು ತಿರುಗುವ ಹುಳು. ಅದು ತಾನಾಗಿಯೇ ಬರಬೇಕು.

ಅದು ಏಕೆ ಬರಬೇಕು? ಮೆಟ್ಟಿಲ ಮೇಲೆ ಕುಳಿತು ನಾವು ಲೆಕ್ಕ ಹಾಕಿದ್ದು ಇದನ್ನೇ. ಕಾಫಿಯ ಹೂವು ಮೂರು ದಿನದ ಹಬ್ಬ. ನಾಲ್ಕನೆಯ ದಿನಕ್ಕೆ ಕಂದಿ ಉದುರುತ್ತದೆ. ಇಡೀ ತೋಟ ಬೆಳ್ಳಗಿರುವ ಆ ಮೂರು ದಿನ ಹುಳುವಿಗೆ ತಿಂದು ಮುಗಿಯದಷ್ಟು ಊಟ. ವರ್ಷದ ಉಳಿದ ದಿನ? ಪುಷ್ಯದಿಂದ ವೈಶಾಖದವರೆಗೆ ಒಂದಾದ ಮೇಲೊಂದು ಮರ ಎಲೆ ಹಾಕುತ್ತ ಬಂದರೆ ಮಾತ್ರ ಪಂಕ್ತಿ ನಡೆಯುತ್ತದೆ. ಬೂರುಗ, ಹಾಲುವಾಣ, ಮುತ್ತುಗ ಮೊದಲ ಸಾಲು. ಯುಗಾದಿಯ ಹೊತ್ತಿಗೆ ಹೊಂಗೆ, ಬೇವು, ನೇರಳೆ. ಆಮೇಲೆ ಮತ್ತಿ. ಈ ಪಂಕ್ತಿಯಲ್ಲಿ ಎರಡು ಎಲೆ ಎತ್ತಿಬಿಟ್ಟರೆ ಹುಳು ಬೇರೆ ಮನೆ ನೋಡಿಕೊಳ್ಳುತ್ತದೆ, ಹೂಮಳೆ ಬಿದ್ದ ದಿನ ನಮ್ಮಲ್ಲಿಗೆ ಬರುವುದಿಲ್ಲ. ಉಚ್ಚಂಗಿಯ ಮುತ್ತುಗಕ್ಕೂ ನಮ್ಮ ರೊಬಸ್ಟಾಕ್ಕೂ ಸಂಬಂಧವಿಲ್ಲವೆಂದು ಹೇಳುವ ಧೈರ್ಯ ನಮಗಂತೂ ಉಳಿಯಲಿಲ್ಲ.

ನಮ್ಮ ತಪ್ಪನ್ನೂ ಇಲ್ಲಿಯೇ ಒಪ್ಪಿಕೊಳ್ಳಬೇಕು. ತೋಟದ ಪೂರ್ವದ ಮಗ್ಗುಲಿನ ಎರಡು ಎಕರೆಯಲ್ಲಿದ್ದ ಹಾಲುವಾಣ, ಮತ್ತಿ, ಎರಡು ಮುತ್ತುಗಗಳನ್ನು ನಾವೇ ನಿಂತು ತೆಗೆಸಿ ಅಲ್ಲೆಲ್ಲ ಸಿಲ್ವರ್ ಓಕ್ ಹಾಕಿದೆವು. ಹಾಲುವಾಣಕ್ಕೆ 2005ರ ಸುಮಾರಿನಿಂದ ಎಲೆ, ಚಿಗುರು ಗಂಟುಗಟ್ಟಿಸುವ ಕಣಜದ ಕಾಟ ಬಂದಿದ್ದುದು ಒಂದು ನೆಪ. ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಒಳ್ಳೆಯದು, ಕಡಿಯಲು ಪರವಾನಗಿಯ ರಗಳೆಯಿಲ್ಲ. ಅದನ್ನು ದೂರುತ್ತಿಲ್ಲ, ಏಪ್ರಿಲ್ ಸುಮಾರಿಗೆ ಅದರ ಕಿತ್ತಳೆ ಬಣ್ಣದ ಹೂವಿಗೂ ಜೇನು ಬರುತ್ತದೆ. ಆದರೆ ಒಂದೇ ಮರವಿದ್ದರೆ ಒಂದೇ ಹೊತ್ತಿನ ಊಟ. ಆ ಎರಡು ಎಕರೆಯಲ್ಲಿ ಈಗ ರೊಬಸ್ಟಾ ಹೂವು ಉಳಿದ ಕಡೆಯಷ್ಟೇ ಬರುತ್ತದೆ, ಗೊಂಚಲಿನಲ್ಲಿ ಕಾಯಿ ಮಾತ್ರ ತೆಳು. ನೆರಳು, ಗೊಬ್ಬರ, ಮಣ್ಣು ಎಲ್ಲಕ್ಕೂ ಅದರಲ್ಲಿ ಪಾಲಿರಬಹುದು. ಮರ ತೆಗೆದದ್ದೊಂದೇ ಕಾರಣವೆಂದು ಸಾಧಿಸಲು ಹೊರಟಿಲ್ಲ. ಮರ ತೆಗೆಯುವ ಮುಂಚೆ ಹೀಗಿರಲಿಲ್ಲವೆಂಬುದನ್ನು ಮಾತ್ರ ದಿನಚರಿ ಹೇಳುತ್ತದೆ.

ಎರಡನೆಯ ತಪ್ಪು ಅಡಿಕೆಯದು. ತಂದೆಯವರ ಕಾಲದ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿ, ಬಲು ಆಸೆಯಿಂದ ಐದು ತುಡುವೆ ಸಂಸಾರ ಕೂರಿಸಿದ್ದೆವು. ಅಡಿಕೆಯ ಸಿಂಗಾರ ಒಣಗುತ್ತಿದೆಯೆಂದು ಔಷಧಿ ತರಲು ಹೋದಾಗ ಅಂಗಡಿಯವರು ಶಿಲೀಂಧ್ರನಾಶಕದ ಜೊತೆಗೆ ಒಂದು ಕೀಟನಾಶಕವನ್ನೂ ಬೆರೆಸಿ ಹೊಡೆದರೆ ಒಂದೇ ಕೂಲಿಯಲ್ಲಿ ಎರಡು ಕೆಲಸವಾಗುತ್ತದೆಂದರು. ಬುದ್ಧಿ ಓದಿದವರಿಗೇ ಕಡಿಮೆ. ಬೆಳಿಗ್ಗೆ ಹತ್ತು ಗಂಟೆಗೆ ಹೊಡೆಸಿದೆವು. ಅಡಿಕೆಯ ಪರಾಗವನ್ನು ಮುಖ್ಯವಾಗಿ ಒಯ್ಯುವುದು ಗಾಳಿ, ಅಡಿಕೆಗೆ ಜೇನು ಬೇಕೇ ಬೇಕೆಂದಿಲ್ಲ. ಆದರೆ ಜೇನಿಗೆ ಅಡಿಕೆ ಬೇಕು. ಸಿಂಗಾರದ ಎಳೆಗಳಲ್ಲಿ ಗಂಡುಹೂವು ಮೊದಲು ಅರಳಿ ವಾರಗಟ್ಟಲೆ ಪರಾಗ ಕೊಡುತ್ತದೆ, ಮರಿಗಳಿಗೆ ತಿನ್ನಿಸಲು ತುಡುವೆ ಬೆಳಗಿನ ಹೊತ್ತು ಅದನ್ನೇ ಒಯ್ಯುತ್ತದೆ. ಮೂರನೆಯ ದಿನ ಪೆಟ್ಟಿಗೆಗಳ ಮುಂದೆ ಹುಳು ರಾಶಿ ಬಿದ್ದಿತ್ತು. ನಮ್ಮ ಮನೆಯವರು ಕಸಬರಿಕೆಯಲ್ಲಿ ಗುಡಿಸಿ ಮೊರಕ್ಕೆ ತುಂಬಿದ್ದನ್ನು ನೋಡಿದ್ದೇವೆ. ಅಂದಿನಿಂದ ಹೂವಿನ ಕಾಲದಲ್ಲಿ ಕೀಟನಾಶಕ ಬೆರೆಸಿಲ್ಲ. ರೋಗಕ್ಕೆ ಶಿಲೀಂಧ್ರನಾಶಕ ತೀರಾ ಬೇಕಾದರೆ ಸಂಜೆ, ಹುಳು ಗೂಡು ಸೇರಿದ ಮೇಲೆ.

ಅಂದು ಗುಡಿಗೆ ಹೋಗಿ ಕೈಮುಗಿದು ಇಳಿಯುವಾಗ ಹನ್ನೊಂದು ಗಂಟೆ. ಬಂಡೆ ಕಾದಿತ್ತು. ಹತ್ತುವಾಗ ರಸ ಜಿನುಗುತ್ತಿದ್ದ ಮುತ್ತುಗದ ಹೂವು ಅಷ್ಟರಲ್ಲಿ ಒಣಗಿದಂತಿತ್ತು, ಹಕ್ಕಿಗಳೂ ಇರಲಿಲ್ಲ. ಹೂವು ನೋಡಲು ಹೋಗುವವರು ಬೆಳಿಗ್ಗೆ ಒಂಬತ್ತರೊಳಗೆ ಹತ್ತಿ ಮುಗಿಸುವುದು ಮೇಲು. ಬೀಗರ ಮನೆಯ ಅಡಿಕೆ ಸಸಿಯ ಸಾಲಿನ ಅಂಚಿನಲ್ಲಿಯೂ ಒಂದು ಹಳೆಯ ಮುತ್ತುಗವಿದೆ. ಸಸಿಗೆ ನೆರಳಾಗುತ್ತದೆಂದು ಕಡಿಸುವ ಯೋಚನೆಯಲ್ಲಿದ್ದರು. ಅಡಿಕೆಯ ಎಳೆಸಸಿಗೆ ಪಶ್ಚಿಮದ ಬಿಸಿಲು ತಡೆಯುವ ಮರವನ್ನು ಕಡಿಯುವುದು ಸರಿಯಲ್ಲವೆಂದು ಹೇಳಿ ಬಂದಿದ್ದೇವೆ. ಬಿಟ್ಟರೋ ಇಲ್ಲವೋ ಮುಂದಿನ ಸಲ ತಿಳಿಯುತ್ತದೆ.

ಆಸಕ್ತ ಸದಸ್ಯರ ಗಮನಕ್ಕೆ ಇಷ್ಟು ತರಲಿಚ್ಛಿಸುತ್ತೇವೆ. ತೋಟದ ಸರಹದ್ದಿನಲ್ಲಿ ತರಗೆಲೆಗೆ ಬೆಂಕಿ ಕೊಡುವ ಬದಲು ಅದನ್ನು ಗಿಡದ ಬುಡಕ್ಕೆ ಎಳೆಸಿ. ಬೆಂಕಿ ಪಟ್ಟೆ ಬೇಕೇಬೇಕಾದ ಕಡೆ ಹೆರೆದು ತೆಗೆಯಿಸಿ. ಹಾಲುವಾಣ ಇನ್ನೂ ಇರುವವರು ಒಂದೆರಡನ್ನಾದರೂ ಉಳಿಸಿಕೊಳ್ಳಿ, ಕೊಂಬೆ ನೆಟ್ಟರೆ ಮಳೆಗಾಲದಲ್ಲಿ ಚಿಗುರುತ್ತದೆ. ಮಳೆ ಕಡಿಮೆಯಿರುವ ಪೂರ್ವದ ಮಗ್ಗುಲಿನವರಿಗೆ ಮುತ್ತುಗ, ಅಡಿಕೆ ತೋಟದ ಅಂಚಿಗೆ ಹೊಂಗೆ ಒಗ್ಗುತ್ತವೆ; ಹೊಂಗೆಯ ಸೊಪ್ಪು ಗೊಬ್ಬರಕ್ಕೂ ಬರುತ್ತದೆ. ಬೀಗರ ಮನೆಯಿಂದ ಮುತ್ತುಗದ ಕಾಯಿಯನ್ನು ಬಲಿತ ಮೇಲೆ ಕಳಿಸುವುದಾಗಿ ಒಪ್ಪಿಸಿದ್ದೇವೆ. ಬೀಜ ತಾಜಾ ಇರುವಾಗಲೇ ಬಿತ್ತಬೇಕಾದ್ದರಿಂದ ಬೇಕಾದವರು ಚೀಲಕ್ಕೆ ಮಣ್ಣು ತುಂಬಿಟ್ಟುಕೊಂಡು, ಸಂಘದ ಕಚೇರಿಯ ಪುಸ್ತಕದಲ್ಲಿ ಹೆಸರು, ಎಷ್ಟು ಬೀಜವೆಂಬುದನ್ನು ಬರೆಸಬೇಕು. ಜೊತೆಗೆ ತಮ್ಮ ತೋಟದಲ್ಲಿ ಹೂಮಳೆ ಬಿದ್ದ ತಾರೀಕು, ಹೂವು ಅರಳಿದ ತಾರೀಕು, ಆ ದಿನ ಬೆಳಿಗ್ಗೆ ಹೆಜ್ಜೇನು ಕಂಡಿತೋ ಇಲ್ಲವೋ ಎಂಬ ಮೂರು ಸಾಲನ್ನೂ ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಊರುವಾರಾಗಿ ಅಚ್ಚು ಹಾಕುತ್ತೇವೆ.